ಕ್ಯಾಸೆಟ್ಟಿನ ತೂತಿಗೆ ತುರುಕಿದ ಕಾಗದ

೧೯೮೬ನೇ ಇಸವಿಯ ಬೇಸಿಗೆ ಮುಗಿಯುತ್ತ ಬಂದಿತ್ತು. ಕುಮಟೆಯ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ನನ್ನ ತಮ್ಮ ಗಣಪತಿ ಹುಡುಗರ ಎದುರು ತಲೆ ತಗ್ಗಿಸಿ ನಿಂತಿದ್ದ. ತಪ್ಪು ಅವನದಾಗಿರಲಿಲ್ಲ. ತಪ್ಪು ಮಾಡಿದ ನಾನು ಅದೇ ಅಂಗಡಿಯ ಬಾಗಿಲ ಬಳಿ ಸ್ಟೂಲಿನ ಮೇಲೆ ಬಾಯಿ ಮುಚ್ಚಿ ಕುಳಿತಿದ್ದೆ. ಆ ದಿನ ಬಾಯಿ ಬಿಡದ್ದನ್ನು ಈಗ ಬರೆಯುತ್ತಿದ್ದೇನೆ. ನಾನು ಕಲಿತದ್ದು ನಾಲ್ಕನೇ ಇಯತ್ತೆ. ಬರೆದದ್ದರಲ್ಲಿ ತಪ್ಪುಗಳಿದ್ದರೆ ಓದುಗರು ತಿದ್ದಿಕೊಳ್ಳಬೇಕು.

ನಮ್ಮ ಮನೆ ಶಿರಾಲಿಯಿಂದ ಸಮುದ್ರದ ಕಡೆಗೆ ಇಳಿದರೆ ಸಿಗುವ ಕೇರಿಯಲ್ಲಿ. ಅಪ್ಪ ಬೇರೆಯವರ ದೋಣಿಗೆ ಹೋಗುತ್ತಿದ್ದರು, ಆಯಿ ಮೀನು ಮಾರುತ್ತಿದ್ದಳು. ಗಣಪು ಹುಟ್ಟಿದಾಗಿನಿಂದ ಬಡಕಲು. ಆಯಿ ಬುಟ್ಟಿ ಹೊತ್ತು ಹೊರಟರೆ ಅವನನ್ನು ನೋಡಿಕೊಳ್ಳಲು ಯಾರಾದರೂ ಬೇಕಲ್ಲ, ಅದಕ್ಕೆ ನನ್ನನ್ನು ಶಾಲೆ ಬಿಡಿಸಿದರು. ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಶಾಲೆಯ ಕಿಟಕಿಯ ಹೊರಗೆ ನಿಂತು ಮಗ್ಗಿ ಕೇಳಿದ್ದು ನನಗಿನ್ನೂ ನೆನಪಿದೆ. ಅವನು ದೊಡ್ಡವನಾದ ಮೇಲೆ ಹೊನ್ನಾವರದ ಡಾಕ್ಟರು ಪರೀಕ್ಷೆ ಮಾಡಿ, ಎದೆಯೊಳಗೆ ಒಂದು ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ, ದೋಣಿ ಕೆಲಸ ಬೇಡ, ಭಾರ ಎತ್ತುವುದು ಬೇಡ ಎಂದರು. ಅವನು ಹತ್ತನೇ ಇಯತ್ತೆ ಪಾಸಾಗಿ ಮನೆಯಲ್ಲಿ ಕುಳಿತ. ಅಷ್ಟರಲ್ಲಿ ಆಯಿಯ ಬುಟ್ಟಿ ನನ್ನ ತಲೆಗೆ ಬಂದಿತ್ತು.

ನಾನು ಬಸ್ಸಿನಲ್ಲಿ ಭಟ್ಕಳಕ್ಕೆ ಹೋಗಿ ನವಾಯತ ಮುಸ್ಲಿಮರ ಮನೆಗಳಿಗೆ ಮೀನು ಕೊಡುತ್ತಿದ್ದೆ. ಅದರಲ್ಲಿ ಒಂದು ಮನೆಯ ಬೀಬಿಗೆ ನನ್ನ ಮೇಲೆ ಪ್ರೀತಿ. ಬುಟ್ಟಿ ಇಳಿಸುವ ಮೊದಲೇ ಜಗಳ ತೆಗೆಯುತ್ತಿದ್ದರು.

"ಎಂತ ತಂದಿ ನಾಗು? ಈ ಬಂಗಡೆ ನನ್ಕಿಂತ ಮುದುಕಿ ಅಲ್ವಾ?"

"ನಿಮ್ಕಿಂತ ಮುದುಕಿ ಇದ್ರೆ ಬುಟ್ಟಿಯಲ್ಲಿ ಕೂತ್ಕಂಬೂದಿಲ್ಲ ಬೀಬಿ, ನಿಮ್ಮಂಗೆ ಬಾಗ್ಲಲ್ಲಿ ನಿಂತು ಬಯ್ತದೆ."

ಬೀಬಿ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ದೊಡ್ಡ ಮಗ ದುಬೈಯಲ್ಲಿ ಇದ್ದ. ಸಣ್ಣವನು ಇಲಿಯಾಸ್, ನಮ್ಮ ಗಣಪುವಿನ ವಾರಿಗೆಯವನು. ದೊಡ್ಡವನು ರಜೆಗೆ ಬಂದಾಗ ಒಂದು ಕಂಪ್ಯೂಟರ್ ತಂದಿದ್ದ. ನೋಡಲು ಟೈಪ್ ಹೊಡೆಯುವ ಮಷೀನಿನ ಹಾಗೆ, ಆದರೆ ಕಾಗದ ಇಲ್ಲ. ಒತ್ತಿದ ಅಕ್ಷರ ಟಿ.ವಿ.ಯಲ್ಲಿ ಬರುತ್ತಿತ್ತು. ಅದಕ್ಕೆ ಟೇಪ್‌ರೆಕಾರ್ಡರ್ ಜೋಡಿಸಿ, ಹಾಡಿನ ಕ್ಯಾಸೆಟ್ಟಿನಂಥದ್ದೇ ಕ್ಯಾಸೆಟ್ ಹಾಕಿದರೆ, ಸ್ವಲ್ಪ ಹೊತ್ತು ಕಾದ ಮೇಲೆ ಆಟ ಬರುತ್ತಿತ್ತು. ಮನೆಯಲ್ಲಿ ಕುಳಿತು ಕುಳಿತು ಬೇಸತ್ತ ಗಣಪುವನ್ನು ಒಂದು ದಿನ ನಾನೇ ಅಲ್ಲಿಗೆ ಕರೆದುಕೊಂಡು ಹೋದೆ. ಆಮೇಲೆ ಅವನನ್ನು ಬಿಡಿಸಿ ತರುವುದೇ ಕಷ್ಟವಾಯಿತು.

ಉಳಿದ ಹುಡುಗರಿಗೆ ಕಾರು ಓಡಿಸುವ, ಗುಂಡು ಹೊಡೆಯುವ ಆಟ ಬೇಕು. ಗಣಪುವಿಗೆ ಹಿಡಿಸಿದ್ದು ಯಾರೂ ಮುಟ್ಟದೆ ಮೂಲೆಗೆ ಎಸೆದಿದ್ದ ಕ್ಯಾಸೆಟ್ಟುಗಳು. ಅವುಗಳಲ್ಲಿ ಚಿತ್ರ ಕಡಿಮೆ, ಇಂಗ್ಲಿಷ್ ಬರಹ ಜಾಸ್ತಿ. ಆಡುವವನು ಮೊದಲು ಒಬ್ಬ ಆಳನ್ನು ಹುಟ್ಟಿಸಬೇಕು. ಅವನಿಗೆ ಹೆಸರಿಡಬೇಕು. ಬಲ ಎಷ್ಟು, ಧೈರ್ಯ ಎಷ್ಟು, ಓದು ಎಷ್ಟು ಎಂದು ಹಂಚಿ ಕೊಡಬೇಕು. ಒಂದಕ್ಕೆ ಹೆಚ್ಚು ಕೊಟ್ಟರೆ ಇನ್ನೊಂದಕ್ಕೆ ಕಡಿಮೆ. ಆಮೇಲೆ ಆ ಆಳೇ ನೀನು. ಕೋಟೆಯೋ ಕಾಡೋ ಗುಹೆಯೋ, ಎಲ್ಲಿಗೆ ಹೋದರೂ ನೀನೇ ಯೋಚಿಸಿ ಹೆಜ್ಜೆ ಇಡಬೇಕು. ಕರೆಂಟ್ ಹೋದರೆ ಎಲ್ಲ ಅಳಿಸಿ ಹೋಗುತ್ತದೆ. ಅದಕ್ಕೆ ಆಗಾಗ ಆ ಆಳನ್ನು, ಅವನು ತಲುಪಿದ ಜಾಗದ ಸಮೇತ, ಕ್ಯಾಸೆಟ್ಟಿಗೆ ತುಂಬಿಸಿಟ್ಟುಕೊಳ್ಳಬೇಕು. ಇಷ್ಟೆಲ್ಲ ಅವನು ಊಟ ಮಾಡುತ್ತ ಆಯಿಗೆ ಹೇಳುತ್ತಿದ್ದ. ಆಯಿ, "ಹೌದನಾ ಮಗಾ, ಸಾರು ಹಾಕೂದಾ?" ಅನ್ನುತ್ತಿದ್ದಳು.

ಈ ಆಟಗಳನ್ನು ಬೇರೆಯವರೂ ಆಡಬೇಕು ಎಂಬುದು ಅವನಿಗೆ ಹುಚ್ಚಿನಂತೆ ಹಿಡಿಯಿತು. ಇಂಗ್ಲಿಷ್ ಹೆಸರು ಯಾರ ಬಾಯಿಗೂ ಬರುತ್ತಿರಲಿಲ್ಲ. ಅವನೇ ಕನ್ನಡದಲ್ಲಿ ಹೆಸರಿಟ್ಟ: ಬಾವಿ ಆಟ, ಉಪ್ಪಿನ ರಾಜ್ಯ, ಕುಂಟ ರಾಜನ ಆಟ. ಭಟ್ಕಳದಲ್ಲಿ ಅಂಥ ಕಂಪ್ಯೂಟರ್ ಇನ್ನೂ ಒಂದೆರಡು ಮನೆಗೆ ಬಂದಿತ್ತು. ಆ ಹುಡುಗರು ಇವನನ್ನು ಕೇಳಲು ಶುರುಮಾಡಿದರು. ಇಲಿಯಾಸನ ಜೊತೆ ನಮ್ಮ ಮನೆಗೂ ಬರುತ್ತಿದ್ದರು. ಜಗಲಿಯಲ್ಲಿ ಗೋಡೆಗೆ ಒರಗಿ ಕುಳಿತು, ಡಾಕ್ಟರ ಹಾಗೆ, ಗಣಪು ಪ್ರತಿಯೊಬ್ಬನಿಗೂ ಒಂದೇ ಪ್ರಶ್ನೆ ಕೇಳುತ್ತಿದ್ದ.

"ನಿಂಗೆ ಎಂತದ್ರ ಹೆದ್ರಿಕೆ? ಮೊದ್ಲು ಅದು ಹೇಳು."

ಒಬ್ಬ ಹುಡುಗ ನಾಚುತ್ತ, ಕತ್ತಲೆ ಅಂದ.

"ಹಂಗಾರೆ ಬಾವಿ ಆಟ ಆಡು. ಕೈಲಿ ಒಂದೇ ದೀಪ, ಎಣ್ಣೆ ಮುಗಿಯೂದ್ರೊಳಗೆ ಮೇಲೆ ಬರ್ಬೇಕು. ಹೆದ್ರಿಕೆ ಇದ್ದವ್ರೇ ಅದ್ನ ಚೊಲೊ ಆಡ್ತಾರೆ. ಧೈರ್ಯದವ್ರು ಎಣ್ಣೆ ಉಳ್ಸೂದಿಲ್ಲ."

ಇನ್ನೊಬ್ಬನಿಗೆ ಅಪ್ಪನ ಹೆದರಿಕೆ. ಅವನಿಗೆ ಕುಂಟ ರಾಜನ ಆಟ ಹೇಳಿದ. "ಅದ್ರಲ್ಲಿ ರಾಜ ಬಯ್ತಾನೆ, ಬಯ್ತಾನೆ, ಬಯ್ತಾನೆ. ಕಡೆಗೆ ಎಂತ ಆತದೆ ಅಂತ ನಾ ಹೇಳೂದಿಲ್ಲ. ಹೋಗಿ ಆಡು." ಕೊನೆ ಏನು ಎಂದು ಮಾತ್ರ ಅವನು ಯಾರಿಗೂ ಹೇಳುತ್ತಿರಲಿಲ್ಲ. ಹುಡುಗರು ಗೋಗರೆದರೂ ಹೇಳುತ್ತಿರಲಿಲ್ಲ. ಮೆಟ್ಟಿಲು ಹತ್ತಿದರೆ ಏದುಸಿರು ಬಿಡುವ ನನ್ನ ತಮ್ಮ ಆ ಜಗಲಿಯಲ್ಲಿ ಕುಳಿತಾಗ ಬೇರೆಯೇ ಮನುಷ್ಯನಾಗುತ್ತಿದ್ದ.

ನಾನು ಒಳಗೆ ಮೀನು ಕೊಯ್ಯುತ್ತ ಕೇಳುತ್ತಿದ್ದೆ. ನನಗೂ ಒಂದು ಹೆದರಿಕೆ ಇತ್ತು. ಕೇಳಿದ್ದರೆ ಹೇಳುತ್ತಿದ್ದೆ. ಒಂದು ದಿನ ಹುಡುಗರೆಲ್ಲ ಹೋದ ಮೇಲೆ ನಾನೇ ಬಾಯಿ ಬಿಟ್ಟೆ.

"ಗಣಪು, ನಂಗೂ ಒಂದು ಆಟ ಹೇಳಾ."

ಅವನು ನಕ್ಕುಬಿಟ್ಟ. "ಅದ್ಕೆ ಓದೂಕೆ ಬರ್ಬೇಕು ಅಕ್ಕಾ. ಎಲ್ಲಾ ಇಂಗ್ಲಿಷು."

ಅಷ್ಟೇ. ಕೆಟ್ಟ ಮನಸ್ಸಿನಿಂದ ಅಂದದ್ದಲ್ಲ. ಆದರೆ ಆ ಮಾತು ನನಗೆ ಮೀನಿನ ಮುಳ್ಳಿನಂತೆ ಗಂಟಲಲ್ಲಿ ನಿಂತಿತು. ನಾನು ಯಾರಿಗೋಸ್ಕರ ಓದು ಬಿಟ್ಟೆ? ಕಂಡ ಕಂಡ ಹುಡುಗರ ಹೆದರಿಕೆ ಕೇಳುವವನಿಗೆ ನನ್ನದನ್ನು ಕೇಳಲು ಇಂಗ್ಲಿಷ್ ಬೇಕೇ? ಅಂದಿನಿಂದ ಆ ಕ್ಯಾಸೆಟ್ಟುಗಳನ್ನು ಕಂಡರೆ ನನಗೆ ಉರಿಯತೊಡಗಿತು.

ಇಲಿಯಾಸನ ಮನೆಯ ಕಂಪ್ಯೂಟರ್ ಒಮ್ಮೆ ಕೆಟ್ಟು, ರಿಪೇರಿಗೆ ಕುಮಟೆಗೆ ಹೋಗಿತ್ತು. ಆಗ ಗಣಪುವಿಗೆ ಅಂಗಡಿಯ ವಾಮನಣ್ಣನ ಪರಿಚಯವಾಯಿತು. ವಾಮನಣ್ಣನ ಹತ್ತಿರವೂ ಅಂಥದ್ದೇ ಒಂದು ಇತ್ತು. ಭಾನುವಾರ ಊರಿನ ಹುಡುಗರು ಅಲ್ಲಿ ಸೇರಿ ಕಾರಿನ ಆಟ ಆಡುತ್ತಿದ್ದರು. ಗಣಪು ಅವರಿಗೆ ಮಾತು ಕೊಟ್ಟು ಬಂದ: "ಒಂದು ಭಾನುವಾರ ಕಾರು ಬಿಡ್ರಾ. ಉಪ್ಪಿನ ರಾಜ್ಯ ತರ್ತೆ. ಅದ್ನ ಆಡಿದ್ಮೇಲೆ ಬೇರೆ ಆಟ ಬೇಕು ಅಂದ್ರೆ ನನ್ನ ಹೆಸ್ರು ಗಣಪತಿ ಅಲ್ಲ."

ಉಪ್ಪಿನ ರಾಜ್ಯ ಅವನಿಗೆ ಎಲ್ಲಕ್ಕಿಂತ ಇಷ್ಟವಾದ ಆಟ. ದುಬೈಯಿಂದ ಬಂದ ಮೂಲ ಕ್ಯಾಸೆಟ್ಟಿನ ಟೇಪು ಒಳಗೆ ಸಿಕ್ಕಿಕೊಂಡು ಹರಿದು ಹೋಗಿತ್ತು. ಅದಕ್ಕೆ ಮೊದಲೇ ಇಲಿಯಾಸ್ ಮಾಡಿಕೊಟ್ಟಿದ್ದ ನಕಲು ಒಂದೇ ಉಳಿದದ್ದು, ಅದು ಗಣಪುವಿನ ಹತ್ತಿರ. ಟೇಪಿನ ಮೊದಲಲ್ಲಿ ಆಟ. ಅದು ಮುಗಿದಲ್ಲಿಂದ ಅವನು ತಿಂಗಳುಗಟ್ಟಲೆ ಆಡಿ ಬೆಳೆಸಿದ್ದ ಆಳು. ಭಾನುವಾರ ಹತ್ತಿರ ಬಂದಾಗ ಅವನು ನನ್ನ ಹತ್ತಿರ ತಲೆಪಿನ್ನು ಕೇಳಿದ. ಕ್ಯಾಸೆಟ್ಟಿನ ಹಿಂಬದಿಯ ಅಂಚಿನಲ್ಲಿದ್ದ ಪ್ಲಾಸ್ಟಿಕ್ಕಿನ ಸಣ್ಣ ಚೂರನ್ನು ಅದರಿಂದ ಮುರಿದು ತೆಗೆದ.

"ಎಂತಕ್ಕೆ ಅದು?" ಎಂದೆ.

"ಇನ್ನು ಇದ್ರ ಮೇಲೆ ಯಾರೂ ತುಂಬೂಕೆ ಆಗೂದಿಲ್ಲ ಅಕ್ಕಾ. ಗುಂಡಿ ಒತ್ತಿದ್ರೂ ಇಳಿಯೂದಿಲ್ಲ. ಬೇಕಾದ್ರೆ ಈ ತೂತಿಗೆ ಕಾಗದ ತುರ್ಕ್ಬೇಕು, ಆಗ ಇಳೀತದೆ. ಆದ್ರೆ ಅದು ಬೇಕು ಬೇಕು ಅಂತ್ಲೇ ಮಾಡೂದು. ಗೊತ್ತಿಲ್ದೆ ಆಗೂದಲ್ಲ."

ಪಿನ್ನು ನನ್ನ ಕೈಗೆ ವಾಪಸ್ಸು ಕೊಟ್ಟ. ನಾನು ತಲೆಗೆ ಸಿಕ್ಕಿಸಿಕೊಂಡೆ.

ಅದೇ ವಾರ ನಮ್ಮ ಕೇರಿಯಲ್ಲಿ ಒಂದು ಮದುವೆ. ಮುಂಬಯಿಯಿಂದ ಬಂದಿದ್ದ ಶೀಲಾ, ಮದುಮಗಳ ಚಿಕ್ಕಮ್ಮನ ಮಗಳು, ಟೇಪ್‌ರೆಕಾರ್ಡರ್ ತಂದಿದ್ದಳು. ಹೆಂಗಸರ ಹಾಡು ತುಂಬಿಸಿಕೊಂಡು ಹೋಗಬೇಕೆಂದು ಅವಳ ಆಸೆ. ಕೇರಿಯಲ್ಲಿ ಮದುವೆ ಹಾಡು ಎಂದರೆ ಎಲ್ಲರೂ ನನ್ನ ಮುಖ ನೋಡುತ್ತಿದ್ದರು. ನನಗೆ ದೇವರು ಕೊಟ್ಟದ್ದು ಅದೊಂದೇ. ಆದರೆ ಅವಳು ತಂದ ಖಾಲಿ ಕ್ಯಾಸೆಟ್ ಮೊದಲ ದಿನದ ಗಲಾಟೆಯಲ್ಲೇ ತುಂಬಿಹೋಗಿತ್ತು.

"ಯಾರ ಮನೇಲಾದ್ರೂ ಒಂದು ಕ್ಯಾಸೆಟ್ ಅದೆಯೇನ್ರೆ?" ಎಂದು ಶೀಲಾ ಕೇಳಿದಳು.

"ನಮ್ಮನೇಲಿ ಅದೆ," ಎಂದೆ ನಾನು.

ಗಣಪು ಹೊಳೆಯ ಕಡೆ ಹೋಗಿದ್ದ. ನಾನು ಕಪಾಟಿನಿಂದ ಕ್ಯಾಸೆಟ್ ತೆಗೆದೆ. ಶೀಲಾ ಅದನ್ನು ಹಾಕಿ ಕೇಳಿದಳು. ಬಿಸಿ ಎಣ್ಣೆಗೆ ಹಸಿ ಮೀನು ಬಿಟ್ಟ ಹಾಗೆ ಚರ್ರೋ ಎಂದು ಕಿರುಚಿತು. ಹೆಂಗಸರೆಲ್ಲ ಕಿವಿ ಮುಚ್ಚಿಕೊಂಡರು. "ಇದು ಹಾಳಾದದ್ದೇ ಸೈ," ಎಂದು ಯಾರೋ ಅಂದರು. ಶೀಲಾ ಟೇಪನ್ನು ಮೊದಲಿಗೆ ಸುತ್ತಿ, ಹಾಡು ತುಂಬುವ ಗುಂಡಿ ಒತ್ತಿದಳು. ಅದು ಇಳಿಯಲಿಲ್ಲ.

"ಇದ್ರ ಚೂರು ಮುರ್ದದೆ ನಾಗಕ್ಕ. ಆಗೂದಿಲ್ಲ."

"ಕೊಡು ಇಲ್ಲಿ," ಎಂದೆ. ಒಣ ಸಿಗಡಿ ಕಟ್ಟಿದ್ದ ಪೇಪರಿನ ತುಂಡು ಸೆರಗಿನ ತುದಿಯಲ್ಲಿತ್ತು. ಅದನ್ನು ಹರಿದು, ಉಂಡೆ ಮಾಡಿ, ತೂತಿಗೆ ತುರುಕಿದೆ. ತಲೆಪಿನ್ನಿನಿಂದ ಒತ್ತಿ ಭದ್ರ ಮಾಡಿದೆ. ಗುಂಡಿ ಇಳಿಯಿತು. ನಾನು ಹಾಡಿದೆ.

ಹೇಳುತ್ತೇನೆ ಕೇಳಿ, ಜೀವನದಲ್ಲಿ ಅಷ್ಟು ಚೆನ್ನಾಗಿ ನಾನು ಮತ್ತೆಂದೂ ಹಾಡಲಿಲ್ಲ. ಮದುಮಗಳನ್ನು ಒಪ್ಪಿಸಿ ಕೊಡುವ ಹಾಡು. ಹೆಂಗಸರು ಅತ್ತರು. ಶೀಲಾ ತಿರುಗಿಸಿ ಕೇಳಿಸಿದಾಗ, ಪೆಟ್ಟಿಗೆಯೊಳಗಿಂದ ಬಂದ ನನ್ನ ಸ್ವರ ಕೇಳಿ ನನಗೇ ಮೈ ಜುಮ್ಮೆಂದಿತು. ಮದುವೆ ಮನೆಯಿಂದ ಹೊರಬಂದವಳು ಅರ್ಧ ದಾರಿಯಿಂದ ತಿರುಗಿ ಹೋದೆ. ಶೀಲಾಳ ಹತ್ತಿರ ಏನೋ ನೆಪ ಹೇಳಿ ಕ್ಯಾಸೆಟ್ ವಾಪಸ್ಸು ತಂದೆ. ಕಪಾಟಿನಲ್ಲಿ ಇದ್ದಲ್ಲೇ ಇಟ್ಟೆ. ಕಾಗದ ತೆಗೆಯಬೇಕೆಂದು ಹೊಳೆಯಲೇ ಇಲ್ಲ. ಗಣಪುವಿಗೆ ಹೇಳಬೇಕೆಂದು ಹೊಳೆಯಿತು. ದಿನವೂ ಹೊಳೆಯಿತು. ನಾಳೆ ಹೇಳಿದರಾಯಿತು ಎಂದುಕೊಂಡೆ. ಮನೆಯಲ್ಲಿ ಹಾಕಿ ನೋಡಲು ಅವನ ಹತ್ತಿರ ಟೇಪ್‌ರೆಕಾರ್ಡರ್ ಇರಲಿಲ್ಲ.

ಭಾನುವಾರ ಆಯಿ, "ಅವ್ನ ಒಬ್ನೇ ಕಳ್ಸೂದು ಬೇಡ, ನೀನೂ ಹೋಗು," ಎಂದಳು. ಬಸ್ಸಿನಲ್ಲಿ ಅವನು ಕ್ಯಾಸೆಟ್ಟನ್ನು ಅಂಗಿಯ ಕಿಸೆಯಲ್ಲಿ ಇಟ್ಟುಕೊಂಡು, ಮೇಲೆ ಕೈ ಇಟ್ಟುಕೊಂಡೇ ಕುಳಿತಿದ್ದ. ಹೊನ್ನಾವರ ದಾಟುವಾಗ, "ಅಕ್ಕಾ, ಇವತ್ತು ನೀನೂ ನೋಡು. ನಾ ಓದಿ ಹೇಳ್ತೆ," ಎಂದ. ಆಗಲಾದರೂ ಹೇಳಬಹುದಿತ್ತು. ನಾನು ಕಿಟಕಿಯ ಹೊರಗೆ ನೋಡಿದೆ.

ಅಂಗಡಿಯಲ್ಲಿ ಹುಡುಗರು ಬೆಂಚಿನ ಮೇಲೆ ಒತ್ತೊತ್ತಾಗಿ ಕುಳಿತಿದ್ದರು. ಗಣಪು ಹೊಸ ಅಂಗಿ ಹಾಕಿದ್ದ. ಆಟದ ಬಗ್ಗೆ ಅವನು ಅಂದು ಆಡಿದಂಥ ಮಾತು ನಾನು ಯಾವತ್ತೂ ಕೇಳಿಲ್ಲ. ಉಪ್ಪಿನ ಗದ್ದೆಗಳ ನಡುವಿನ ಊರು, ಬಾವಿಗಳೆಲ್ಲ ಉಪ್ಪಾಗಿವೆ. ಸಿಹಿನೀರು ಎಲ್ಲಿದೆಯೆಂದು ಒಬ್ಬ ಆಳು ಹುಡುಕಿ ಹೊರಡಬೇಕು. ಹೊತ್ತಷ್ಟು ನೀರೇ ಆಯುಸ್ಸು. ಹುಡುಗರು ಬಾಯಿ ಬಿಟ್ಟುಕೊಂಡು ಕೇಳಿದರು. ವಾಮನಣ್ಣ ಕ್ಯಾಸೆಟ್ ಹಾಕಿ ಗುಂಡಿ ಒತ್ತಿದ. ಅವನ ಟೇಪ್‌ರೆಕಾರ್ಡರಿನಲ್ಲಿ ಆಟ ತುಂಬುವಾಗಲೂ ಸದ್ದು ಹೊರಗೆ ಕೇಳುತ್ತಿತ್ತು.

ಎಲ್ಲರೂ ಆ ಕಿರುಚು ಬರುವುದನ್ನು ಕಾಯುತ್ತಿದ್ದರು. ಬಂದದ್ದು ನನ್ನ ಹಾಡು.

ಒಂದು ಕ್ಷಣ ಯಾರಿಗೂ ತಿಳಿಯಲಿಲ್ಲ. ಆಮೇಲೆ ಅಂಗಡಿಯೇ ಹಾರಿಹೋಗುವಂತೆ ನಗು.

"ಓಹೋ, ಇದು ಮದ್ವೆ ಆಟ ಮಾರಾಯ! ನಾವೆಲ್ಲ ಎಂತ ಆಗೂದಾ, ಮದಿಮಕ್ಕಳಾ?"

"ಬಲ ಹಂಚೂದಲ್ವಾ ಇದ್ರಲ್ಲಿ. ಅಕ್ಷತೆ ಹಂಚೂದು!"

"ಗಣಪತಿ ಅನ್ನೂದು ನಿನ್ನ ಹೆಸ್ರಲ್ಲ ಅಂದಿದ್ಯಲ್ಲ, ಈಗ ಎಂತ ಅಂತ ಕರ್ಯೂದು ಹೇಳು. ಭಟ್ರೇ ಅನ್ಲಾ?"

ಗಣಪು ಟೇಪ್ ನಿಲ್ಲಿಸಿದ. ಕ್ಯಾಸೆಟ್ ಹೊರಗೆ ತೆಗೆದು ಹಿಂದೆ ಮುಂದೆ ನೋಡಿದ. ಅವನ ಹೆಬ್ಬೆರಳು ಆ ತೂತಿನ ಮೇಲೆ ನಿಂತಿತು. ಕಾಗದದ ಉಂಡೆಯನ್ನು ಉಗುರಿನಿಂದ ಮುಟ್ಟಿದ. ಮೂಗಿನ ಹತ್ತಿರ ಹಿಡಿದ. ಒಣ ಸಿಗಡಿಯ ವಾಸನೆ ಅವನಿಗೆ ತಿಳಿಯದ್ದೇ? ತಲೆ ಎತ್ತಿ ನನ್ನನ್ನು ನೋಡಿದ.

"ಯಾರು ಮಾಡಿದ್ದಾ ಇದ್ನ?" ಎಂದು ವಾಮನಣ್ಣ ಕೇಳಿದ.

ಗಣಪು ಕ್ಯಾಸೆಟ್ಟನ್ನು ಕಿಸೆಗೆ ಹಾಕಿಕೊಂಡ. "ಅಕ್ಕ," ಎಂದ. "ಹಾಳಾದ ಕ್ಯಾಸೆಟ್ ಅಂದ್ಕಂಡಿದ್ದಾಳೆ. ಅವ್ಳು ಶಾಲೆಗೆ ಹೋದವ್ಳಲ್ಲ. ಅವ್ಳಿಗೆ ಇದೆಲ್ಲ ಗೊತ್ತಿಲ್ಲ."

ಹುಡುಗರು ನನ್ನ ಕಡೆ ತಿರುಗಿದರು. ಅವರ ಮುಖದಲ್ಲಿ ಸಿಟ್ಟು ಇರಲಿಲ್ಲ. ಪಾಪ, ಓದು ಬಾರದವಳು ಎಂಬ ಕನಿಕರ ಇತ್ತು. ವಾಮನಣ್ಣ ನನಗೊಂದು ಚಹಾ ತರಿಸಿದ. ನಾನು ಆ ಚಹಾ ಕುಡಿದೆ. ಓದಿಲ್ಲದ್ದು ನನ್ನ ಸಂಕಟ ಎಂದುಕೊಂಡಿದ್ದವಳು ಅದರ ಹಿಂದೆಯೇ ಅಡಗಿ ಕುಳಿತೆ. "ನಂಗೆ ಗೊತ್ತಿತ್ತು" ಎಂಬ ಎರಡು ಶಬ್ದ ನನ್ನ ಬಾಯಿಂದ ಹೊರಡಲಿಲ್ಲ. ಹುಡುಗರು ಕಾರಿನ ಆಟ ಹಾಕಿಕೊಂಡರು.

ಮರಳಿ ಬರುವಾಗ ಬಸ್ಸಿನಲ್ಲಿ ಅವನು ನನ್ನ ಪಕ್ಕದಲ್ಲೇ ಕುಳಿತ. ಬಯ್ಯಲಿ, ಹೊಡೆಯಲಿ ಎಂದು ನಾನು ಕಾಯುತ್ತಿದ್ದೆ. ಶಿರಾಲಿ ಹತ್ತಿರ ಬಂದಾಗ ಹೇಳಿದ:

"ಅಕ್ಕಾ, ನಿನ್ನ ಸ್ವರ ಚೊಲೊ ಬಂದದೆ."

ಅದರಲ್ಲಿ ಚುಚ್ಚು ಇರಲಿಲ್ಲ. ಇದ್ದಿದ್ದರೆ ನಾನು ಇವತ್ತು ಸ್ವಲ್ಪ ನಿದ್ದೆ ಮಾಡುತ್ತಿದ್ದೆ.

ಆಮೇಲೆ ಅವನು ಭಟ್ಕಳಕ್ಕೆ ಹೋಗುವುದನ್ನು ಬಿಟ್ಟ. ಬಂದ ಹುಡುಗರಿಗೆ, "ನಂಗೆ ಈಗ ಅದೆಲ್ಲ ನೆನಪಿಲ್ಲ, ನಿಮ್ಗೆ ಬೇಕಾದ್ದು ಆಡಿ," ಎನ್ನುತ್ತಿದ್ದ. ಯಾರನ್ನೂ ಹೆದರಿಕೆ ಏನೆಂದು ಕೇಳಲಿಲ್ಲ. ಜಗಲಿ ಖಾಲಿಯಾಯಿತು. ಮಳೆಗಾಲ ಹಿಡಿದ ಮೇಲೆ ಅವನ ಕಾಲು ಬಾತುಕೊಂಡಿತು, ಉಸಿರಾಟ ಕಷ್ಟವಾಯಿತು. ಒಮ್ಮೆ ಗಂಜಿ ಕುಡಿಸುತ್ತ, "ಗಣಪು, ಆ ಕ್ಯಾಸೆಟ್ಟಿನ ವಿಷ್ಯ," ಎಂದು ಶುರುಮಾಡಿದೆ. ಅವನು, "ನಿಂಗೆ ಗೊತ್ತಿರ್ಲಿಲ್ಲ ಅಲ್ವಾ, ಬಿಡು," ಎಂದು ಕಣ್ಣು ಮುಚ್ಚಿಕೊಂಡ. ಸುಳ್ಳು ಅವನೇ ಹೇಳಿ, ನನ್ನ ಬಾಯಿಯನ್ನೂ ಮುಚ್ಚಿದ. ಆ ಮಳೆಗಾಲ ಅವನು ದಾಟಲಿಲ್ಲ. ಡಾಕ್ಟರು ಎದೆಯ ಬಾಗಿಲಿನ ಮಾತನ್ನೇ ಮತ್ತೆ ಹೇಳಿದರು. ಅದು ನಿಜವಿರಬಹುದು. ಹೋಗುವವನನ್ನು ನಾನು ಖಾಲಿ ಕೈಯಲ್ಲಿ ಕಳಿಸಿದೆ ಎಂಬುದೂ ನಿಜ.

ಹನ್ನೆರಡನೇ ದಿನದ ಕಾರ್ಯ ಮುಗಿದ ಮೇಲೆ ಇಲಿಯಾಸ್ ಬಂದ. ಬೀಬಿಯೂ ಬಂದಿದ್ದರು. ಅವರು ಆಯಿಯ ಕೈ ಹಿಡಿದುಕೊಂಡು ಒಳಗೆ ಕುಳಿತರು. ನಾನು ಇಲಿಯಾಸನಿಗೆ ಕ್ಯಾಸೆಟ್ ತೋರಿಸಿ, ಇದನ್ನು ಸರಿ ಮಾಡಬಹುದೇ ಎಂದು ಕೇಳಿದೆ. ಅವನು ಮನೆಗೆ ಒಯ್ದು ನೋಡಿ, ಎರಡು ದಿನ ಬಿಟ್ಟು ಬೀಬಿಯ ಜೊತೆಗೇ ಬಂದು ವಾಪಸ್ಸು ಕೊಟ್ಟ.

"ಆಟ ಹೋಗಿದೆ ನಾಗಕ್ಕ. ನಿಮ್ಮ ಹಾಡು ಮುಗಿದ್ಮೇಲೆ ಕಡೇಲಿ ಸ್ವಲ್ಪ ಉಳ್ದಿದೆ. ಅದು ಅವ ತುಂಬಿಟ್ಟ ಆಳು."

"ಹಂಗಾರೆ ಅದ್ನ ಆಡ್ಬಹುದಾ?"

"ಇಲ್ಲ. ಆಟ ಇಲ್ದೆ ಆಳು ಏಳೋದಿಲ್ಲ. ಇನ್ನೊಂದು ಕ್ಯಾಸೆಟ್ ಬೇಕು. ಮೊದ್ಲಿನದು ಹರ್ದಾಗ್ಲೇ ನಮ್ಮಣ್ಣ ದುಬೈಲೆಲ್ಲ ಹುಡುಕ್ದ, ಸಿಗ್ಲಿಲ್ಲ. ಅದು ಯಾರಿಗೂ ಗೊತ್ತಿಲ್ಲದ ಆಟ ನಾಗಕ್ಕ. ಗಣಪು ಹೇಳದೇ ಇದ್ದಿದ್ರೆ ನಮ್ಗೂ ಗೊತ್ತಾಗ್ತಿರ್ಲಿಲ್ಲ."

ಆಮೇಲೆ ಹೇಳಲೋ ಬೇಡವೋ ಎಂಬಂತೆ ಹೇಳಿದ.

"ಆ ಆಳಿಗೆ ಅವ ನಿಮ್ಮ ಹೆಸರು ಇಟ್ಟಿದ್ದ. ನಾಗು. ನಾವೆಲ್ಲ ನಗಾಡಿದ್ವಿ, ಹೆಂಗಸಿನ ಹೆಸರು ಯಾಕೆ ಅಂತ. ನೀರು ಹೊತ್ತು ಅಷ್ಟು ದೂರ ನಡೆಯೂಕೆ ಅವ್ಳಿಗೇ ಆಗೂದು, ನಂಗೆ ಆಗೂದಿಲ್ಲ ಅಂದ. ಬಲಕ್ಕೆ ಇದ್ದದ್ದೆಲ್ಲ ಹಾಕಿದ. ಓದಿಗೆ ಒಂದೇ ಒಂದು ಹಾಕಿದ. ಓದು ಕಡಿಮೆ ಇದ್ರೆ ದಾರಿಯ ಕಲ್ಲಿನ ಮೇಲೆ ಬರೆದದ್ದು ಗೊತ್ತಾಗೂದಿಲ್ಲ, ಆಟ ಬಾಳ ಕಷ್ಟ. ಆದ್ರೂ ಮುಕ್ಕಾಲು ದಾರಿ ತಂದಿದ್ದ. ಸಿಹಿನೀರು ಸಿಕ್ಕಿದ್ಮೇಲೆ ಅಕ್ಕಂಗೆ ತೋರಿಸ್ತೆ, ಅಲ್ಲೀವರೆಗೆ ಹೇಳ್ಬೇಡ ಅಂದಿದ್ದ."

ನನಗೆ ಮೊದಲು ನಗು ಬಂತು. ಓದಿಗೆ ಒಂದೇ ಒಂದು. ಅವನಿಗೆ ನಾನು ಗೊತ್ತಿದ್ದೆ. ಆಮೇಲೆ ನಾನು ಏನು ಮಾಡಿದೆನೋ ನೆನಪಿಲ್ಲ. ಬೀಬಿ ನನ್ನ ಬೆನ್ನು ಸವರುತ್ತಿದ್ದದ್ದು ನೆನಪಿದೆ. "ತಿಳಿಯದೆ ಮಾಡಿದ್ದು ನಾಗು, ಅಲ್ಲಾ ಮಾಫ್ ಮಾಡ್ತಾನೆ," ಎನ್ನುತ್ತಿದ್ದರು. ಅವರಿಗೂ ನಾನು ನಿಜ ಹೇಳಲಿಲ್ಲ. ಇಲಿಯಾಸ್ ಮಾತ್ರ ಕಾಗದ ತುರುಕಿದ್ದ ಕ್ಯಾಸೆಟ್ಟಿನ ಅಂಚನ್ನು ನೋಡುತ್ತ ಕುಳಿತಿದ್ದ.

ಇದೆಲ್ಲ ಕಳೆದು ಕೆಲವು ವರ್ಷಗಳಾದವು. ಈಗ ನಮ್ಮ ಮನೆಯಲ್ಲೂ ಒಂದು ಹಳೆಯ ಟೇಪ್‌ರೆಕಾರ್ಡರ್ ಇದೆ. ಮಧ್ಯಾಹ್ನ ಮೀನು ಮಾರಿ ಬಂದ ಮೇಲೆ, ಯಾರೂ ಇಲ್ಲದಾಗ, ಆ ಕ್ಯಾಸೆಟ್ ಹಾಕುತ್ತೇನೆ. ನನ್ನ ಹಾಡು ಬೇಡವೆಂದು ಮುಂದೆ ಓಡಿಸುತ್ತೇನೆ. ಹಾಡು ನಿಂತಲ್ಲಿ ಕಿರುಚು ಶುರುವಾಗುತ್ತದೆ. ಕೇಳಿದವರಿಗೆ ಅದು ಹಾಳಾದ ಟೇಪು. ಅದರೊಳಗೆ ನಾಗು ಎಂಬವಳು ನೀರು ಹೊತ್ತು ಉಪ್ಪಿನ ನಡುವೆ ನಿಂತಿದ್ದಾಳೆ. ಅವಳಿಗೆ ಹಿಂದೆ ಊರಿಲ್ಲ, ಮುಂದೆ ದಾರಿಯಿಲ್ಲ. ಅವಳ ಕಾಲ ಕೆಳಗಿದ್ದ ನೆಲವನ್ನೆಲ್ಲ ನಾನೇ ಹಾಡಿ ಅಳಿಸಿದ್ದೇನೆ. ಸದ್ದು ನಿಂತ ಮೇಲೆ ಕ್ಯಾಸೆಟ್ ಹೊರಗೆ ತೆಗೆದು ಬಟ್ಟೆಯಲ್ಲಿ ಸುತ್ತಿಡುತ್ತೇನೆ. ತೂತಿನಲ್ಲಿ ಕಾಗದ ಇನ್ನೂ ಹಾಗೇ ಇದೆ. ಗಣಪು ಅದನ್ನು ತೆಗೆದಿರಲಿಲ್ಲ. ನಾನೂ ತೆಗೆಯಲಿಲ್ಲ.